ಸೀರೆ ನೆನೆದ ಅಜ್ಜಿಯರು

ತುರುವೇಕೆರೆಯ ಬಸ್ ನಿಲ್ದಾಣದಲ್ಲಿ ವಿಜ್ಞಾನದ ಮೇಷ್ಟ್ರು ಕಲ್ಲೇಶ್ ಕೂತಿದ್ದ ಬೆಂಚಿನ ಆ ತುದಿಯಲ್ಲಿ ಒಬ್ಬ ಅಜ್ಜಿಯೂ ಅವರ ಮೊಮ್ಮಗಳೂ ಇದ್ದರು. ಅಜ್ಜಿ ಮಂಡಿ ನೀವಿಕೊಳ್ಳುತ್ತಿದ್ದರು. ಹುಡುಗಿ ಫೋನು ನೋಡುತ್ತಿದ್ದಳು.

"ಸಮುದ್ರ ನೋಡೋ ಆಸೆ ನಂಗಿಲ್ವೇನೇ ಗಾನವಿ? ಮರಳಲ್ಲಿ ಈ ಮಂಡಿ ನಡೀಬೇಕಲ್ಲ. ನೀವ್ ಹೋಗ್ಬನ್ನಿ, ನಾನು ಹಸ ನೋಡ್ಕತೀನಿ."

"ಅದ್ಕೇ ಕಣಜ್ಜಿ, ಮುರುಡೇಶ್ವರ ಆರಿಸಿರೋದು."

"ಫೋನಲ್ಲಿ ಮುರುಡೇಶ್ವರಕ್ಕೇ ಜಾಸ್ತಿ ಸ್ಟಾರ್ ಕೊಟ್ಟವ್ರಾ?"

"ಇಲ್ಲ, ಬೇರೆ ಕಡೆಗೆ ಇನ್ನೂ ಜಾಸ್ತಿ ಐತೆ. ಸ್ಟಾರ್ ಕೊಡೋರೆಲ್ಲ ನನ್ ವಯಸ್ನೋರು. ನಿನ್ ಮಂಡಿ ಅವ್ರಿಗೇನ್ ಗೊತ್ತು? ನಾನು ಜನ ಹಾಕಿರೋ ಫೋಟೊದಲ್ಲಿ ಅಜ್ಜೀರನ್ನ ಹುಡುಕ್ದೆ."

"ಅಜ್ಜೀರನ್ನಾ!"

"ಹೂಂ. ಬೇರೆ ಕಡೆ ಅಜ್ಜೀರೆಲ್ಲ ದೂರದಲ್ಲಿ ಚಪ್ಲಿ ಕಾಯ್ತಾ ಕೂತವ್ರೆ. ಇಲ್ನೋಡು, ಮುರುಡೇಶ್ವರದಲ್ಲಿ ಇವ್ರ ಸೀರೆ ಮೊಣಕಾಲ್ಗಂಟ ನೆಂದೈತೆ. ಈಯಮ್ಮ ಕೋಲು ಹಿಡ್ಕಂಡೇ ನೀರಲ್ಲಿ ನಿಂತವ್ಳೆ."

ಯಾರಿಗಾಗಿ ಜಾಗ ಹುಡುಕುತ್ತೇವೋ ಅಂಥವರು ಅಲ್ಲಿ ಏನು ಮಾಡುತ್ತಾರೆಂದೇ ನೋಡಬೇಕೆಂಬುದು ಈ ಹುಡುಗಿಗೆ ತಾನಾಗಿ ಹೊಳೆದಿತ್ತು. ಕಲ್ಲೇಶ್‌ಗೆ ಶಭಾಷ್ ಎನ್ನಬೇಕೆನಿಸಿತು.

ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ಹಿಡಿದರು.

"ಹೆಣ್ಣು ನೋಡಕ್ಕೋದಾಗ ನಾವೂ ಸಾರಿಸಿಟ್ಟ ಜಗಲಿ ನೋಡ್ತಿರ್ಲಿಲ್ಲ ಕಣೇ, ಸೀದಾ ಹಿತ್ಲಿಗೋಗಿ ಕೊಟ್ಟಿಗೆ ನೋಡ್ತಿದ್ವಿ. ನಿಂದೂ ಅದೇ ಬುದ್ಧಿ."

"ಹಂಗಾದ್ರೆ ಬತ್ತೀಯಾ?"

ಅಷ್ಟರಲ್ಲಿ ದಬ್ಬೇಘಟ್ಟದ ಬಸ್ಸು ಬಂತು. ಅಜ್ಜಿ ಮೊಮ್ಮಗಳ ಹೆಗಲು ಹಿಡಿದು ಎದ್ದರು.

"ಬತ್ತೀನಿ ಬುಡು. ಆದ್ರೆ ನೀರಲ್ಲಿ ನಿಂತಿರೋ ನನ್ ಫೋಟೊನೂ ಅಲ್ಲಿಗೇ ಹಾಕ್ಬೇಕು. ಇನ್ಯಾವಳೋ ಮುದುಕಿ ಹೆದ್ರಿ ಮನೇಲಿ ಕೂತಿರ್ತಾಳೆ, ನೋಡ್ಲಿ."