ನಾಲ್ಕನೇ ನಂಬರಿನ ಅಂಗಿ

ಅಂಗಿಗೆ ಗುಂಡಿ ಇಲ್ಲದ್ದು ನೋಡಿ ನನಗೆ ಮರೆವು ಅಂತೀರಲ್ಲ, ಮೊದಲು ನಿಮ್ಮ ಬಾಯಿಗೆ ಬೀಗ ಹಾಕಿ ಕೇಳಿ. ದರ್ಜಿ ಅಕ್ಕನ ಅಂಗಡಿಯಲ್ಲಿ ನಾನು ಗುಂಡಿ ಹಾಕಿಸಿಕೊಳ್ಳಲು ಕೂತಿದ್ದೆ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡ ಬೇಕರಿಯವನು ನುಗ್ಗಿ ಬಂದು, ತಾನು ಅಭಿಮಾನಿಯಾದ ಫುಟ್‌ಬಾಲ್ ತಂಡದ ಅಂಗಿಯನ್ನು ಮೇಜಿನ ಮೇಲೆ ಎಸೆದ.

“ಅಕ್ಕಾ, ಈ ನಾಲ್ಕನ್ನ ಕಿತ್ತಾಕಿ! ಮೊನ್ನೆ ನಮ್ಮ ಗೋಲಿಗೇ ಚೆಂಡು ಹೊಡೆದು ಸೋಲಿಸಿದವನ ನಂಬರು ನನ್ನ ಬೆನ್ನಿಗೆ ಬೇಡ. ಇವತ್ತೂ ಸೋತ್ರೆ ಕೆಳಗಿನ ಲೀಗ್‌ಗೆ ಬೀಳ್ತೀವಿ!”

“ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಬಟ್ಟೆ ಜರಡಿಯಾಗಿದೆ ಕಣೋ. ಇದೇ ಕೊನೇ ಸಲ. ಯಾರ ನಂಬರು ಹಾಕ್ಲಿ? ಗೋಲು ಹೊಡೆಯೋ ಒಂಬತ್ತು?”

“ಅವನಾ? ಮುನಿಸಿಕೊಂಡ ಅಳಿಯನ ಥರ ನಿಂತಿರ್ತಾನೆ, ಚೆಂಡೇ ಬಂದು ಕರೀಬೇಕು!”

“ಗೋಲ್‌ಕೀಪರ್?”

“ನನ್ನ ಬೇಕರಿ ಬೆಣ್ಣೆಯೆಲ್ಲ ಅವನ ಕೈಯಲ್ಲೇ ಇದೆ, ಹಿಡಿದ ಚೆಂಡೆಲ್ಲ ಜಾರುತ್ತೆ!”

“ಮತ್ತೆ ಕೋಚ್ ಏನ್ಮಾಡ್ತಾನೆ?”

“ನಿದ್ದೆ! ಮಾಲೀಕರು ಒಳ್ಳೆ ಆಟಗಾರರನ್ನೆಲ್ಲ ಮಾರಿ ಅವನಿಗೆ ಮೆತ್ತನೆ ಕುರ್ಚಿ ಹಾಕ್ಸಿದಾರಲ್ಲ!”

“ಸೋತಿದ್ದಕ್ಕೆ ಅವರಲ್ಲಿ ಒಬ್ಬರಿಗೂ ಹೊಟ್ಟೆ ಉರೀಲಿಲ್ವಾ?”

“ಎಲ್ಲಿ ಬಂತು! ನಗ್ತಾ ಬಸ್ ಹತ್ತಿದ್ರು. ಈ ನಾಲ್ಕರವನೊಬ್ಬ ಗೋಲಿನ ಕಂಬ ತಬ್ಕೊಂಡು ಅಳ್ತಾ ಕೂತಿದ್ದ...”

ಅಕ್ಕನ ಕತ್ತರಿ ಮೊದಲ ದಾರದ ಮೇಲೆ ನಿಂತಿತು.

“ಕತ್ತರಿಸ್ಲಾ?”

“ತಡೀರಿ ಅಕ್ಕಾ! ಅವತ್ತು ಇಡೀ ಮೈದಾನದಲ್ಲಿ ಅತ್ತಿದ್ದು ನಾವಿಬ್ರೇ. ದಾರ ಇನ್ನೂ ಗಟ್ಟಿ ಮಾಡಿ. ಬೇಗ, ಆಟ ಶುರುವಾಗುತ್ತೆ!”

ಅಕ್ಕ ದಾರ ಬಿಗಿದು ಕೊಟ್ಟ ಅಂಗಿಯನ್ನು ಹಿಟ್ಟಿನ ಮೈಮೇಲೇ ಏರಿಸಿಕೊಂಡು ಅವನು ಓಡಿದ. ಅಕ್ಕ ನನ್ನ ಗುಂಡಿ ಮರೆತು, ಬಾಗಿಲಿಗೆ ಬಂದು ಕೂಗಿದಳು: “ಗೆದ್ದು ಬಾರೋ!”

ಆ ನಾಲ್ಕನೇ ನಂಬರಿನವನ ಗುರುತು ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಇದನ್ನು ಅವನ ಕಿವಿಗೆ ಮುಟ್ಟಿಸಿ.