ಮೆತ್ತಗೆ ಒತ್ತಿದರೆ ಹಿಡಿಯದ ಬ್ರೇಕಿನ ಬಗ್ಗೆ

ನಿನ್ನೆ ಸಂಜೆ ಠಾಣೆಯಲ್ಲಿ ಕೊಟ್ಟ ನನ್ನ ಹೇಳಿಕೆ, ಪೆಡಲ್ ತಳ ಸೇರಿತು ಎಂಬಲ್ಲಿಗೆ ನಿಂತಿತ್ತಲ್ಲ, ಅದರ ಹಿಂದಿನದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲವಾದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನನ್ನ ಹೆಸರು, ತಂದೆಯ ಹೆಸರು, ಮನೆಯ ವಿಳಾಸ ನಿನ್ನೆಯ ಹಾಳೆಯಲ್ಲಿ ಬರಹಗಾರ ಪೇದೆಯವರ ದುಂಡು ಅಕ್ಷರದಲ್ಲಿ ಇವೆ. ವಯಸ್ಸು ಎಪ್ಪತ್ತೊಂದು, ನೀರು ಸರಬರಾಜು ಕಚೇರಿಯ ನಿವೃತ್ತ ಗುಮಾಸ್ತ, ವಿಧುರ. ನಿನ್ನೆ ನಾನು ಹೇಳುವ ವೇಗಕ್ಕೆ ಪೇದೆಯವರ ಕೈ ಸೋತದ್ದರಿಂದ, ಉಳಿದದ್ದನ್ನು ನೀವೇ ಬರೆದುಕೊಡಿ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಹಾಳೆ ಕೊಟ್ಟು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರಿಸಿದ್ದಾರೆ. ಈ ಬೆಂಚಿನ ಮೇಲಿನ ದೀಪ ಕೆಟ್ಟಿದೆ, ಹಗಲಿರುವಾಗಲೇ ಮುಗಿಸಿ ಎಂದೂ ಹೇಳಿದ್ದಾರೆ. ಆದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ:

ಕಾರು ನನ್ನದೇ. ಇಪ್ಪತ್ತು ವರ್ಷ ದಾಟಿದ್ದು, ಬಣ್ಣ ಮೊದಲು ನೀಲಿ. ಬ್ರೇಕ್ ಕೆಲವು ಸಲ ಹಿಡಿಯುವುದು, ಕೆಲವು ಸಲ ಹಿಡಿಯದೆ ಪೆಡಲ್ ನಿಧಾನವಾಗಿ ಕೆಳಗಿಳಿಯುವುದು ಶುರುವಾಗಿ ನಾಲ್ಕು ತಿಂಗಳಾಯಿತು. ಇದಕ್ಕೆ ಇಂಟರ್ಮಿಟೆಂಟ್ ಎನ್ನುತ್ತಾರೆ. ಕಾಲೇಜಿನಲ್ಲಿ ಈ ಪದವನ್ನು ಜ್ವರದ ಪಾಠದಲ್ಲಿ ಓದಿದ ನೆನಪು, ಬ್ರೇಕಿಗೂ ಬರುತ್ತದೆಂದು ಮೇಷ್ಟರು ಹೇಳಿರಲಿಲ್ಲ.

ಕಾರನ್ನು ಮೆಕ್ಯಾನಿಕ್ ಗ್ರೀಸಣ್ಣನಲ್ಲಿಗೆ ಒಯ್ದೆ. ಅವನ ನಿಜ ಹೆಸರು ಅವನ ಮೇಲೆ ಕೊಟ್ಟಿರುವ ದೂರಿನಲ್ಲಿದೆ, ನಮ್ಮ ಬೀದಿಯಲ್ಲಿ ಆ ಹೆಸರು ಹೇಳಿದರೆ ಯಾರಿಗೂ ತಿಳಿಯದು. ಅವನು ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ಕೂತು, ಓಣಿಯ ತುದಿವರೆಗೆ ಓಡಿಸಿ ಬ್ರೇಕ್ ಒತ್ತಿದ. ಟೈರು ಕಿರುಚಿ ಕಾರು ನಿಂತಿತು.

"ನೋಡಿ ಯಜಮಾನ್ರೇ, ಇಷ್ಟು ಗಟ್ಟಿ ಬ್ರೇಕು ನನ್ನ ಗಾಡಿಗೇ ಇಲ್ಲ. ಬೇಕಾದ್ರೆ ಬದಲಾಯಿಸ್ಕೊಳ್ಳೋಣ" ಎಂದ.

ಆದರೂ ಪ್ಯಾಡ್ ಬದಲಿಸಿದ, ಪೈಪುಗಳಲ್ಲಿ ಗಾಳಿ ಸೇರಿದೆಯೋ ಎಂದು ತೆಗೆದು ನೋಡಿದ. ವಾರದೊಳಗೆ ಮತ್ತೆ ಪೆಡಲ್ ಇಳಿಯಿತು. ಮತ್ತೆ ಒಯ್ದೆ. ಬ್ರೇಕ್ ಎಣ್ಣೆ ಒಂದು ಹನಿಯೂ ಕಡಿಮೆಯಾಗಿರಲಿಲ್ಲ, ಎಲ್ಲೂ ಸೋರಿರಲಿಲ್ಲ. ಅವನು ಒತ್ತಿದಾಗಲೆಲ್ಲ ಕಾರು ಹೇಳಿದ ಮಾತು ಕೇಳುವ ಮಗುವಿನ ಹಾಗೆ ನಿಂತುಬಿಡುತ್ತಿತ್ತು.

ದೂರುದಾರನಾದ ನನ್ನ ಭಾವಮೈದುನ, ಅಂದರೆ ನನ್ನ ಹೆಂಡತಿಯ ತಮ್ಮ, ಕೂಡ ಒಂದು ಭಾನುವಾರ ಓಡಿಸಿ ನೋಡಿದ. ಒಂದೇ ಒತ್ತಿಗೆ ಕಾರು ನಿಂತು ನನ್ನ ಕನ್ನಡಕ ಮಡಿಲಿಗೆ ಬಿತ್ತು.

"ಭಾವ, ಬ್ರೇಕ್ ಸರಿಯಾಗೇ ಇದೆ. ನಿಮ್ಮ ಕಾಲಿಗೆ ಒಂದು ಸರ್ವೀಸ್ ಮಾಡಿಸ್ಬೇಕು ಅಷ್ಟೆ" ಎಂದ.

"ಕಾಲಿಗೆ ಸ್ಪೇರ್ ಸಿಗಲ್ಲಪ್ಪ" ಎಂದೆ.

ನಕ್ಕೆವು. ಆಮೇಲೆ ಅವನು, ಅಕ್ಕನೇ ಇಲ್ಲ, ಇನ್ನು ಯಾರನ್ನು ಕೂರಿಸ್ಕೊಂಡು ಹೋಗೋಕೆ ಈ ಕಾರು, ಕೊಟ್ಟುಬಿಡಿ ಎಂದ. ನಾನು ಮಡಿಲಿನ ಕನ್ನಡಕ ಎತ್ತಿ ಹಾಕಿಕೊಂಡೆ. ಅವನು ಕೆಟ್ಟವನಲ್ಲ. ಅಕ್ಕನ ಮೇಲೆ ಪ್ರಾಣ ಇಟ್ಟುಕೊಂಡಿದ್ದವನು. ನನ್ನ ಹಣೆಯ ಹೊಲಿಗೆ ಕಂಡ ಸಿಟ್ಟಿನಲ್ಲಿ ದೂರು ಕೊಟ್ಟಿದ್ದಾನೆ. ಬ್ರೇಕ್ ಚೆನ್ನಾಗಿತ್ತು, ತಾನೇ ಓಡಿಸಿದ್ದೇನೆ, ಮೆಕ್ಯಾನಿಕ್ ವಿನಾಕಾರಣ ಸ್ಟೀರಿಂಗ್ ಎಳೆದು ಕಾರನ್ನು ಗೋಡೆಗೆ ನುಗ್ಗಿಸಿದ, ಈಗ ಬ್ರೇಕಿನ ಮೇಲೆ ಹಾಕುತ್ತಿದ್ದಾನೆ ಎಂಬುದು ದೂರು. ಅವನ ಕಣ್ಣಿಗೆ ಕಂಡದ್ದು ಅಷ್ಟೇ. ನನಗೆ ಕಂಡದ್ದು ಬೇರೆ.

ಮೊನ್ನೆ ಬೆಳಿಗ್ಗೆ ಸುಮಾರು ಹನ್ನೊಂದಕ್ಕೆ ಮೂರನೇ ಸಲ ವರ್ಕ್‌ಶಾಪಿಗೆ ಹೋದೆ. ಗ್ರೀಸಣ್ಣ ಈ ಸಲ ತಾನು ಕೂರಲಿಲ್ಲ. "ನನ್ನ ಕೈಗೆ ಸಿಕ್ತಿಲ್ಲ. ನೀವೇ ಓಡ್ಸಿ, ದಿನಾ ಹೇಗೆ ಓಡಿಸ್ತೀರೋ ಹಾಗೇ. ನಾನು ಸುಮ್ನೆ ಕೂತು ನೋಡ್ತೀನಿ" ಎಂದು ಎಡಗಡೆ ಸೀಟಿನಲ್ಲಿ ಕೂತ. ಚಕ್ರದ ಸದ್ದು ಕೇಳಿಸಲೆಂದು ಕಿಟಕಿಯ ಗಾಜು ಇಳಿಸಿ, ಎಡಗೈಯನ್ನು ಹೊರಗೆ ಇಳಿಬಿಟ್ಟು ಬಾಗಿಲ ತಗಡಿಗೆ ಅಂಗೈ ಒತ್ತಿ ಹಿಡಿದ. ಕೈಗೆ ಕಿವಿ ಇದೆ ಎಂದು ಅವನ ನಂಬಿಕೆ.

ವರ್ಕ್‌ಶಾಪಿನ ಹಿಂದಿನ ಸಮತಟ್ಟಾದ ಓಣಿಯಲ್ಲಿ ಎರಡು ಸುತ್ತು ಹಾಕಿದೆ. ಅವನು ಕಣ್ಣೆಲ್ಲ ನನ್ನ ಪಾದದ ಮೇಲೇ ಇಟ್ಟಿದ್ದ. ಎರಡನೇ ಸುತ್ತು ಮುಗಿದಾಗ ನಕ್ಕು ಕೇಳಿದ:

"ಇಷ್ಟು ಮೆತ್ತಗೆ ಒತ್ತೋದಾ? ಹಿಂದೆ ಯಾರಾದ್ರೂ ಮಲಗಿದಾರಾ ಯಜಮಾನ್ರೇ?"

ಅವನು ತಿರುಗಿ ಹಿಂದಿನ ಸೀಟು ನೋಡಿದ. ಅಲ್ಲಿ ತಲೆದಿಂಬು ಇದೆ, ಕಾಲಿನ ಕಡೆ ಮಡಿಸಿದ ಶಾಲು ಇದೆ. ಅವನ ನಗು ನಿಂತಿತು.

ಇದನ್ನು ವಿವರಿಸಬೇಕು. ನನ್ನ ಹೆಂಡತಿಗೆ ಬೆನ್ನುಮೂಳೆಯ ಕಾಯಿಲೆ. ಕೊನೆಯ ಒಂದು ವರ್ಷ ವಾರಕ್ಕೆರಡು ಸಲ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದೆ. ಕಾರು ಸ್ವಲ್ಪ ಎಗರಿದರೂ ಅವಳಿಗೆ ಜೀವ ಹೋದಷ್ಟು ನೋವು. ಕೂಗುತ್ತಿರಲಿಲ್ಲ, ಉಸಿರು ಹಿಡಿಯುತ್ತಿದ್ದಳು. ಆ ಉಸಿರು ಕೇಳಿ ಕೇಳಿ ನನ್ನ ಕಾಲು ಕಲಿಯಿತು. ಎಲ್ಲಿಂದ ಒತ್ತಲು ಶುರುಮಾಡಬೇಕು, ಎಷ್ಟು ನಿಧಾನಕ್ಕೆ, ಕೊನೆಯ ಗಳಿಗೆಯಲ್ಲಿ ಎಷ್ಟು ಸಡಿಲ ಬಿಡಬೇಕು, ಹೀಗೆ. ಒಂದು ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದಾಗ ಅವಳು, "ಇನ್ನೂ ಎಷ್ಟು ದೂರ ಇದೆ ರೀ?" ಎಂದು ಕೇಳಿದಳು. ಕಾರು ನಿಂತದ್ದು ಅವಳಿಗೆ ಗೊತ್ತಾಗಿರಲಿಲ್ಲ. ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಾನು ಪಡೆಯದ ಸರ್ಟಿಫಿಕೇಟು ಅದು. ಅವಳು ಹೋಗಿ ಆರು ತಿಂಗಳಾದರೂ ಕಾಲಿಗೆ ಬೇರೆ ರೀತಿ ಒತ್ತಲು ಬರುತ್ತಿಲ್ಲ.

ಅವಳ ಕಾಯಿಲೆಯ ವಿಷಯ ಬಲ್ಲ ಗ್ರೀಸಣ್ಣ ಮುಂದಕ್ಕೆ ತಿರುಗಿ ಕೂತು, "ಹಾಗಾದ್ರೆ ಹಾಗೇ ಒತ್ತಿ. ಅಮ್ಮ ಹಿಂದೆ ಇದ್ದಾಗ ಹೇಗೋ ಹಾಗೇ. ಓಣಿ ಬಿಟ್ಟು ಹೋಗೋದು ಬೇಡ, ತುದೀಲಿ ಬಲಕ್ಕೆ ತಿರುಗ್ಸಿ" ಎಂದ.

ಸಾಹೇಬರು ಇದನ್ನು ದಯವಿಟ್ಟು ಗಮನಿಸಬೇಕು. ಅವನು ಬಲಕ್ಕೆ ಎಂದ. ನಾನು ಎಡಕ್ಕೆ ತಿರುಗಿದೆ. ಎಡಕ್ಕೆ ಹೋದರೆ ಆಸ್ಪತ್ರೆಯ ಇಳಿಜಾರು. ಅವನು ಅಮ್ಮ ಎಂದದ್ದೇ ತಡ, ಕೈ ತಾನಾಗಿ ಆ ಕಡೆ ಹೋಯಿತು. ನನ್ನನ್ನು ಇಳಿಜಾರಿಗೆ ಕರೆದೊಯ್ದದ್ದು ಅವನು ಎಂದು ದೂರಿನಲ್ಲಿರುವುದು ಸರಿಯಲ್ಲ.

ಇಳಿಜಾರಿನಲ್ಲಿ ಸುಮಾರು ಇನ್ನೂರು ಅಡಿ ಮುಂದೆ ಒಬ್ಬ ಹೆಂಗಸು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ನಾನು ಎಂದಿನ ಹಾಗೆ ದೂರದಿಂದಲೇ ಒತ್ತಲು ಶುರುಮಾಡಿದೆ. ಪೆಡಲ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಇನ್ನೂ ಒತ್ತಿದೆ, ತಳ ಸೇರಿತು. ಕಾರು ನಿಲ್ಲಲಿಲ್ಲ. ಕಾಲು ಎತ್ತಿ ಮತ್ತೆ ಜೋರಾಗಿ ತುಳಿಯಬೇಕೆಂದು ನನಗೆ ತೋಚಲಿಲ್ಲ. ಹಿಂದೆ ದಿಂಬು ಇತ್ತಲ್ಲ.

ಗ್ರೀಸಣ್ಣ ಬಲಗೈಯಿಂದ ಹ್ಯಾಂಡ್‌ಬ್ರೇಕ್ ಎಳೆದ. ವೇಗ ತಗ್ಗಿತು, ನಿಲ್ಲಲಿಲ್ಲ. ಬಲಗಡೆ ಸೈಕಲ್ ಇತ್ತು, ಎಡಗಡೆ ಬೇಕರಿಯ ಗೋಡೆ. ಅವನು ಅದೇ ಕೈಯಿಂದ ಸ್ಟೀರಿಂಗನ್ನು ಎಡಕ್ಕೆ, ತನ್ನ ಕಡೆಗೇ ಎಳೆದ. ಅವನ ಎಡಗೈ ಆಗಲೂ ಬಾಗಿಲ ಹೊರಗಿತ್ತು. ಅದನ್ನು ಮರೆತಿದ್ದನೆಂದು ನಾನು ನಂಬುವುದಿಲ್ಲ. ಒಳಗೆ ತೆಗೆದುಕೊಳ್ಳಲು ಸಮಯ ಇರಲಿಲ್ಲ, ಅಷ್ಟೆ. ಬಾಗಿಲಿಗೂ ಗೋಡೆಗೂ ನಡುವೆ ಅದು ಸಿಕ್ಕಿತು. ನನ್ನ ಹಣೆ ಸ್ಟೀರಿಂಗಿಗೆ ಬಡಿದು ಒಡೆಯಿತು. ಹೆಂಗಸಿಗೆ ಏನೂ ಆಗಲಿಲ್ಲ. ಹಿಂದೆ ದಿಂಬು ಕೆಳಗೆ ಬಿದ್ದಿತ್ತು.

ಬೇಕರಿಯವರು ಬಂದು ಅವನನ್ನು ನನ್ನ ಕಡೆಯ ಬಾಗಿಲಿನಿಂದ ಇಳಿಸಿದರು. ಕೈ ನೋಡುವಂತಿರಲಿಲ್ಲ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿದ್ದರೂ ನನ್ನ ಕಡೆ ನೋಡಿ, "ಸಿಕ್ತು ಯಜಮಾನ್ರೇ. ಮಾಸ್ಟರ್ ಸಿಲಿಂಡರು" ಎಂದ.

ನಿನ್ನೆ ಆಸ್ಪತ್ರೆಯಲ್ಲಿ ಮಲಗಿಕೊಂಡೇ ವಿವರಿಸಿದ. ಪೆಡಲ್ ಒತ್ತಿದಾಗ ಎಣ್ಣೆಯನ್ನು ಚಕ್ರಗಳ ಕಡೆ ತಳ್ಳುವ ಭಾಗ ಅದು. ಅದರೊಳಗಿನ ರಬ್ಬರ್ ಸವೆದಿದೆ. ಜೋರಾಗಿ ಒತ್ತಿದರೆ ರಬ್ಬರ್ ಅಗಲವಾಗಿ ಕಚ್ಚಿಕೊಳ್ಳುತ್ತದೆ, ಬ್ರೇಕ್ ಹಿಡಿಯುತ್ತದೆ. ನಿಧಾನವಾಗಿ ಒತ್ತಿದರೆ ಎಣ್ಣೆ ಅದರ ಪಕ್ಕದಲ್ಲೇ ನುಸುಳಿ ಹಿಂದಕ್ಕೆ ಬರುತ್ತದೆ, ಹೊರಗೆ ಒಂದು ಹನಿ ಬೀಳುವುದಿಲ್ಲ. ಅವನು ಗಟ್ಟಿ ಕಾಲಿನವನು, ಭಾವಮೈದುನನೂ ಗಟ್ಟಿ ಕಾಲಿನವನು. ಹಾಗಾಗಿ ಇಬ್ಬರಿಗೂ ಸಿಕ್ಕಿರಲಿಲ್ಲ. ಕೈ ಮೊದಲಿನಂತಾಗುವುದು ಅನುಮಾನ ಎಂದು ಡಾಕ್ಟರು ಹೊರಗೆ ಬಂದು ನನಗೆ ಹೇಳಿದರು. ಅವನಿಗೆ ಹೇಳಿದ್ದಾರೋ ಇಲ್ಲವೋ ಕೇಳಲು ನನಗೆ ಧೈರ್ಯ ಬರಲಿಲ್ಲ. ಅವನ ಹಾಸಿಗೆಯ ಪಕ್ಕ ನಿಮ್ಮ ಪೇದೆಯವರು ಕೂತಿದ್ದರು.

ನಾಳೆ ಬೆಳಿಗ್ಗೆ ವಾಹನ ಪರೀಕ್ಷೆಯ ಅಧಿಕಾರಿಗಳು ಬರುತ್ತಾರೆಂದು ತಿಳಿಯಿತು. ಠಾಣೆಯ ಅಂಗಳಕ್ಕೆ ಎಳೆದು ತಂದ ಕಾರು ಈ ಕಿಟಕಿಯಿಂದಲೇ ಕಾಣುತ್ತಿದೆ. ಅವರು ಪರೀಕ್ಷೆಯವರು, ಬೂಟು ಹಾಕಿರುತ್ತಾರೆ, ಜೋರಾಗಿಯೇ ಒತ್ತುತ್ತಾರೆ. ಬ್ರೇಕ್ ಹಿಡಿಯುತ್ತದೆ. ಸರಿಯಾಗಿದೆ ಎಂದು ಬರೆಯುತ್ತಾರೆ. ಗ್ರೀಸಣ್ಣ ಸುಳ್ಳುಗಾರನಾಗುತ್ತಾನೆ. ಕೈಯೂ ಹೋಗಿ, ಮಾತೂ ಹೋಗಿ, ಅವನಿಗೆ ಉಳಿಯುವುದೇನು?

ಆದ್ದರಿಂದ ನನ್ನ ಒಂದೇ ವಿನಂತಿ. ಅವರಿಗೆ ಮೆತ್ತಗೆ ಒತ್ತಲು ಹೇಳಿ. ಎಷ್ಟು ಮೆತ್ತಗೆ ಎಂದು ಅವರು ಕೇಳಬಹುದು, ಅದಕ್ಕೆ ಅಳತೆ ನನಗೆ ಗೊತ್ತಿಲ್ಲ. ಕೆಳಗೆ ಬಿದ್ದ ದಿಂಬನ್ನು ಎತ್ತಿ ಹಿಂದಿನ ಸೀಟಿನಲ್ಲಿ ಇಡಲಿ. ಅಲ್ಲಿ ಒಬ್ಬರು ಮಲಗಿದ್ದಾರೆ, ಕಾರು ನಿಂತದ್ದು ಅವರಿಗೆ ಗೊತ್ತಾಗಬಾರದು ಎಂದುಕೊಂಡು ಒತ್ತಲಿ. ಆಗ ಪೆಡಲ್ ಇಳಿಯುತ್ತದೆ.

ಇಷ್ಟೂ ನಾನೇ ಕೂತು ಬರೆದದ್ದು, ಕಂಡದ್ದಲ್ಲದೆ ಕಟ್ಟಿದ್ದಿಲ್ಲ. ಕೋರ್ಟಿನ ಪ್ರಮಾಣದಲ್ಲಿ ಹೇಳುವ ಹಾಗೆ ದಿ ಟ್ರೂತ್, ದಿ ಹೋಲ್ ಟ್ರೂತ್, ಆಮೇಲೆ ಇನ್ನೊಂದು ಏನೋ ಇತ್ತು, ಅದೂ ಸೇರಿ ಎಂದು ತಿಳಿಯಬೇಕು. ಕಿಟಕಿಯ ಬೆಳಕು ಹೋಗುತ್ತಿದೆ. ಕಾರು ಈಗ ಆಕಾರವಾಗಿ ಮಾತ್ರ ಕಾಣುತ್ತಿದೆ, ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಎಂಬುದು ತಿಳಿಯುವಂತಿಲ್ಲ. ಗೆರೆಯೂ ಕಾಣದಾಗಿರುವುದರಿಂದ ಇಲ್ಲಿಗೆ ನಿಲ್ಲಿಸಿ, ಅಂದಾಜಿನ ಮೇಲೆ ಸಹಿ ಹಾಕಿರುತ್ತೇನೆ.

ಸ್ಥಳ: ಠಾಣೆ, ಕಿಟಕಿಯ ಪಕ್ಕದ ಬೆಂಚು
ದಿನಾಂಕ: ನಿನ್ನೆಯ ಹಾಳೆಯಲ್ಲಿರುವುದರ ಮರುದಿನ
(ಸಹಿ)