ದೇವರ ಪಟದ ಹಿಂದೆ

ಗಂಡ ತೀರಿಕೊಂಡ ಮೇಲೆ ಸ್ವೀಡನ್ನಿನ ವೆಸ್ಟೆರಾಸ್ ಊರಿನ ಮಗಳ ಮನೆ ಸೇರಿದ್ದ ಸರಸ್ವತಮ್ಮ ರೈಲು ನಿಲ್ದಾಣದಲ್ಲಿ ಜಪ ಮಾಡುತ್ತಾ ಅವಳಿಗಾಗಿ ಕಾಯುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಇಬ್ಬರು ಗಂಡಸರ ಕನ್ನಡ ಕೇಳಿ ಜಪ ನಿಂತಿತು.

“ಅಭಿ, ಯುದ್ಧ ಬಂದ್ರೆ ನಿನ್ನ ಪಾಯಿಂಟ್ ಟೂ ಟೂ ಪಿಸ್ತೂಲು ಸಾಕೇನೋ?”

“ಅದು ಕ್ಲಬ್ಬಲ್ಲಿ ಗುರಿ ಹೊಡೆಯೋಕೆ. ಈಗ ನೈನ್ ಎಂಎಂ ತಗೊಂಡೆ. ಗುಂಡು ಎಲ್ಲಾ ಕಡೆ ಸಿಗುತ್ತೆ.”

“ಗುಂಡು ಕೈ ಕೊಟ್ರೆ?”

“ಒಂದೇ ಕಂಪನಿದು ಇನ್ನೂರು ಹೊಡೆದು ನೋಡಿದೀನಿ. ಒಂದೂ ಠುಸ್ ಆಗ್ಲಿಲ್ಲ.”

“ನಿನ್ನ ಹೆಂಡ್ತಿ ಪಾವನಾ ಬೈಲಿಲ್ವಾ?”

“ಕಬ್ಬಿಣದ ಬೀರುವಲ್ಲಿ ಬೀಗ ಹಾಕಿ ಇಟ್ಟಿದೀನಿ ಕಣೋ. ಕೀ ದೇವರ ಪಟದ ಹಿಂದಿದೆ. ಅಲ್ಲಿ ಯಾರು ಕೈ ಹಾಕ್ತಾರೆ?”

“ದಿನಾ ಪಟಕ್ಕೆ ಹೂ ಇಡೋದ್ಯಾರು?”

“ಮಗಳು. ಆರು ವರ್ಷ ಆಯ್ತಲ್ಲ, ಈಗ ಸ್ಟೂಲ್ ಹತ್ತಿ ಅವಳೇ…”

ಅಭಿ ಮಾತು ನಿಲ್ಲಿಸಿ ಮನೆಗೆ ಫೋನ್ ಮಾಡಿದ. ರೈಲು ಬಂತು. ಇಬ್ಬರೂ ಹತ್ತಿದರು. ಬಾಗಿಲು ಮುಚ್ಚುವವರೆಗೂ ಅವನ ಕಿವಿಯಲ್ಲಿ ಫೋನ್ ರಿಂಗಾಗುತ್ತಲೇ ಇತ್ತು, ಮನೆಯಲ್ಲಿ ಯಾರೂ ಎತ್ತಲಿಲ್ಲ.